ಹಿಟ್ಟಿನ ಕೋಳಿ ಮತ್ತು ಹವಾಮಾನದ ಲೆಕ್ಕ

ಮಾಂಸಾಹಾರವನ್ನು ಕಡಿಮೆ ಮಾಡಬೇಕು ಎಂಬ ಮಾತಿಗೆ ನಮ್ಮ ಕಾಲದಲ್ಲಿ ಹೊಸದೊಂದು ಆಧಾರ ದೊರೆತಿದೆ. ಹಿಂದೆ ಈ ಮಾತನ್ನು ಧರ್ಮದ ಹೆಸರಿನಲ್ಲಿ ಹೇಳುತ್ತಿದ್ದರು, ಆಮೇಲೆ ಆರೋಗ್ಯದ ಹೆಸರಿನಲ್ಲಿ ಹೇಳಿದರು, ಈಗ ಹವಾಮಾನದ ಹೆಸರಿನಲ್ಲಿ ಹೇಳುತ್ತಾರೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಚೇರಿ ಕ್ಯಾಂಟೀನುಗಳಲ್ಲಿ, ಅಪಾರ್ಟ್‌ಮೆಂಟುಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ನಮ್ಮ ಕಾಲೇಜುಗಳ ವಿಚಾರಸಂಕಿರಣಗಳಲ್ಲಿ ಇದನ್ನು ಮತ್ತೆ ಮತ್ತೆ ಕೇಳುತ್ತಿದ್ದೇವೆ. ಮಾತು ಸರಿಯಾದುದೇ. ಆದರೆ ಅದನ್ನು ಆಡುವವರಲ್ಲಿ ಬಹುಮಂದಿ ಅದಕ್ಕೊಂದು ಬಾಲವನ್ನು ಅಂಟಿಸುತ್ತಾರೆ: ನಮ್ಮ ಹಿರಿಯರು ಹೇಳಿದ್ದನ್ನೇ ಈಗ ವಿಜ್ಞಾನ ಒಪ್ಪಿದೆ, ನಾವು ಮೊದಲಿನಿಂದಲೂ ಶುದ್ಧರು, ತಿದ್ದಿಕೊಳ್ಳಬೇಕಾದವರು ಮಾಂಸ ತಿನ್ನುವವರು ಮಾತ್ರ. ನನ್ನ ತಕರಾರು ಈ ಬಾಲದ ಮೇಲೆ. ಅದು ವಿಜ್ಞಾನದ ಲೆಕ್ಕಕ್ಕೂ ಒಪ್ಪುವುದಿಲ್ಲ, ಯಾವ ಶಾಸ್ತ್ರದ ಹೆಸರು ಹೇಳಿಕೊಂಡು ಅದನ್ನು ಆಡುತ್ತಾರೋ ಆ ಶಾಸ್ತ್ರಕ್ಕೂ ಒಪ್ಪುವುದಿಲ್ಲ.

ಮೊದಲು ವಿಜ್ಞಾನದ ಮಾತನ್ನು ಅದಿರುವಂತೆಯೇ ಇಡೋಣ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2013ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಮನುಷ್ಯನ ಚಟುವಟಿಕೆಗಳಿಂದ ಹೊರಬೀಳುವ ಹಸಿರುಮನೆ ಅನಿಲಗಳಲ್ಲಿ ಪಶುಸಂಗೋಪನೆಯ ಪಾಲು ಶೇಕಡಾ 14.5, ಅದೇ ಸಂಸ್ಥೆಯ 2023ರ ಲೆಕ್ಕದಲ್ಲಿ ಇದು ಶೇಕಡಾ 12ರಷ್ಟು. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ಮೇವು ಹುದುಗುವಾಗ ಮೀಥೇನ್ ಹುಟ್ಟುತ್ತದೆ. ಇಪ್ಪತ್ತು ವರ್ಷಗಳ ಅವಧಿಯಲ್ಲಿ ಅಳೆದರೆ ಅದರ ತಾಪಶಕ್ತಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 80 ಪಟ್ಟು ಹೆಚ್ಚು. ಜೋಸೆಫ್ ಪೂರ್ ಮತ್ತು ಥಾಮಸ್ ನೆಮೆಚೆಕ್ 119 ದೇಶಗಳ ಸುಮಾರು 38,700 ಹೊಲಗಳ ಮಾಹಿತಿಯನ್ನು ಒಟ್ಟುಗೂಡಿಸಿ 2018ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಜಾಗತಿಕ ಸರಾಸರಿಗಳು ಈಗ ಎಲ್ಲೆಡೆ ಉದ್ಧೃತವಾಗುತ್ತವೆ. ಒಂದು ಕಿಲೋ ಆಹಾರಕ್ಕೆ ಎಷ್ಟು ಕಿಲೋ ಅನಿಲ ಎಂಬುದು ಅಲ್ಲಿನ ಅಳತೆ: ಮಾಂಸಕ್ಕೆಂದೇ ಸಾಕಿದ ದನದ ಮಾಂಸಕ್ಕೆ ಸುಮಾರು 100, ಕುರಿಮಾಂಸಕ್ಕೆ 40, ಚೀಸಿಗೆ 24, ಕೋಳಿಮಾಂಸಕ್ಕೆ 10, ಮೊಟ್ಟೆಗೆ 4.7, ಅಕ್ಕಿಗೆ 4.5, ಹಾಲಿಗೆ 3, ಬಟಾಣಿಯಂಥ ಕಾಳಿಗೆ 1. ಕುರಿಯ ಬದಲು ಕೋಳಿ, ಕೋಳಿಯ ಬದಲು ಕಾಳು ಎಂದು ಒಂದೊಂದು ಮೆಟ್ಟಿಲು ಇಳಿದಂತೆ ಭೂಮಿಯ ಮೇಲಿನ ಭಾರವೂ ಇಳಿಯುತ್ತದೆ. ಇದರಲ್ಲಿ ವಿವಾದವಿಲ್ಲ.

ಆದರೆ ಈ ಪಟ್ಟಿಯನ್ನು ಅರ್ಧಕ್ಕೆ ಓದಿ ಮಡಚಿಡುವಂತಿಲ್ಲ. ಅದರಲ್ಲಿ ಚೀಸು ಕೋಳಿಗಿಂತ ಮೇಲಿದೆ; ಅಕ್ಕಿಯೂ ಮೊಟ್ಟೆಯೂ ಹೆಚ್ಚುಕಡಿಮೆ ಸರಿಸಮ ನಿಂತಿವೆ. ನಮ್ಮ ಕಚೇರಿ ಕ್ಯಾಂಟೀನುಗಳಲ್ಲಿ ಸಸ್ಯಾಹಾರವೆಂದರೆ ಪನೀರು ಎಂಬಂತಾಗಿದೆ. ಒಂದು ಕಿಲೋ ಪನೀರಿಗೆ ಐದರಿಂದ ಏಳು ಲೀಟರು ಹಾಲು ಬೇಕು. ಮೇಲಿನ ಸರಾಸರಿಯಂತೆ ಗುಣಿಸಿದರೆ ಅದು ಕೋಳಿಮಾಂಸವನ್ನು ಹಿಂದೆ ಹಾಕುತ್ತದೆ. 2019ರ ಜಾನುವಾರು ಗಣತಿಯ ಪ್ರಕಾರ ಭಾರತದಲ್ಲಿ 19.3 ಕೋಟಿ ದನಗಳೂ ಸುಮಾರು 11 ಕೋಟಿ ಎಮ್ಮೆಗಳೂ ಇವೆ. ಇಷ್ಟು ಜಾನುವಾರುಗಳನ್ನು ನಾವು ಸಾಕಿರುವುದು ಮುಖ್ಯವಾಗಿ ಹಾಲಿಗಾಗಿ. ಜಗತ್ತಿನಲ್ಲಿ ಅತಿ ಹೆಚ್ಚು ಹಾಲು ಉತ್ಪಾದಿಸುವ ದೇಶ ನಮ್ಮದು. ಮಾಂಸದ ಲೆಕ್ಕವಾದರೋ, ತಲಾ ಬಳಕೆ ಜಗತ್ತಿನ ಸರಾಸರಿಯಲ್ಲಿ ವರ್ಷಕ್ಕೆ 40 ಕಿಲೋ ಮೀರಿದರೆ, ಅಮೆರಿಕದಲ್ಲಿ 100 ಕಿಲೋ ಮೀರಿದರೆ, ಭಾರತದಲ್ಲಿ 10 ಕಿಲೋವನ್ನೂ ಮುಟ್ಟುವುದಿಲ್ಲ. 2021ರಲ್ಲಿ ಗ್ಲಾಸ್ಗೋದಲ್ಲಿ ನೂರಕ್ಕೂ ಹೆಚ್ಚು ದೇಶಗಳು ಮೀಥೇನ್ ಕಡಿತದ ಪ್ರತಿಜ್ಞೆಗೆ ಸಹಿ ಹಾಕಿದಾಗ ಭಾರತ ಹೊರಗುಳಿಯಿತು. ಹಾಲೂ ಭತ್ತವೂ ಕೋಟ್ಯಂತರ ಸಣ್ಣ ರೈತರ ಬದುಕು ಎಂಬ ಕಾರಣಕ್ಕೆ ಹಾಗೆ ಉಳಿದುದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಹಾಲು, ತುಪ್ಪ, ಪನೀರು, ಅನ್ನ ಉಣ್ಣುವವನು ಮೀಥೇನಿನ ಹೆಸರು ಹೇಳಿ ನೆರೆಯವನ ತಟ್ಟೆಯನ್ನು ಇಣುಕುವಾಗ ಇದನ್ನು ಮರೆಯಬಾರದು.

ಇಲ್ಲಿ ನಮ್ಮ ಕಾವ್ಯಪರಂಪರೆಯ ಒಂದು ಕಥೆ ನೆನಪಾಗಬೇಕು. 1209ರಲ್ಲಿ ರಚಿತವಾದ ಜನ್ನನ 'ಯಶೋಧರಚರಿತೆ'ಯನ್ನು ಓದದ ಕನ್ನಡ ವಿದ್ಯಾರ್ಥಿ ಇಲ್ಲ. ರಾಣಿ ಅಮೃತಮತಿಯ ನಡತೆಯಿಂದ ನೊಂದ ಯಶೋಧರ ತಾಯಿಯ ಮುಂದೆ ಅದನ್ನು ಕನಸಿನ ನೆಪದಲ್ಲಿ ಮುಚ್ಚಿಟ್ಟು ಹೇಳುತ್ತಾನೆ, ಕೇಡು ಕಳೆಯಲು ಪ್ರಾಣಿಬಲಿ ಕೊಡೆಂದು ಚಂದ್ರಮತಿ ಒತ್ತಾಯಿಸುತ್ತಾಳೆ, ಅವನು ಒಪ್ಪುವುದಿಲ್ಲ, ಕಡೆಗೆ ಹಿಟ್ಟಿನ ಕೋಳಿಯೊಂದನ್ನು ಮಾಡಿ ಬಲಿಗೊಡುತ್ತಾರೆ. ಕತ್ತಿ ತಾಗಿದಾಗ ಆ ಹಿಟ್ಟಿನ ಕೋಳಿ ಕೂಗುತ್ತದೆ. ಒಂದು ಹನಿ ನೆತ್ತರೂ ಚೆಲ್ಲದ ಆ ಬಲಿಗಾಗಿ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರಗಳಲ್ಲಿ ನವಿಲು, ನಾಯಿ, ಮೀನು, ಆಡುಗಳಾಗಿ ಬವಣೆಪಡುತ್ತಾರೆ. ತರಗತಿಗಳಲ್ಲಿ ನಾವು ಇದನ್ನು ಸಂಕಲ್ಪಹಿಂಸೆಯ ಕಥೆಯೆಂದು ಹೇಳಿ ಮುಂದೆ ಹೋಗುತ್ತೇವೆ. ಸಂಕಲ್ಪಹಿಂಸೆ ಎಂಬ ಮಾತಿನ ಪೂರ್ಣ ಭಾರವನ್ನು ಹೊರಲು ನಾವು ಸಿದ್ಧರಿದ್ದೇವೆಯೇ? ತಟ್ಟೆಯಲ್ಲಿ ಮಾಂಸವಿಲ್ಲದಿರುವುದೇ ಅಹಿಂಸೆಗೆ ಸಾಕಾಗಿದ್ದರೆ ಯಶೋಧರ ಅಂದೇ ಪಾರಾಗಬೇಕಿತ್ತು; ಅವನ ಕೈಯಲ್ಲಿದ್ದುದು ಬರಿಯ ಹಿಟ್ಟು. ಪದಾರ್ಥ ಯಾವುದು ಎಂದಷ್ಟೇ ನೋಡದೆ ಮನಸ್ಸು ಎಲ್ಲಿದೆ ಎಂದು ಕೇಳುವ ಕಾವ್ಯ ಅದು. ಶುದ್ಧವಾದ ಪದಾರ್ಥವನ್ನು ಮುಂದಿಟ್ಟುಕೊಂಡು ಮನಸ್ಸಿನಲ್ಲಿ ಇನ್ನೊಬ್ಬನ ಬಗೆಗೆ ಹೇಸಿಗೆಯನ್ನೂ ಮೇಲರಿಮೆಯನ್ನೂ ಸಾಕಿಕೊಂಡವನ ಊಟದಲ್ಲಿ ಹಿಟ್ಟಿನ ಕೋಳಿ ಈಗಲೂ ಕೂಗುತ್ತದೆ.

ಆ ಕೂಗು ಕೇಳುವ ಜಾಗಗಳನ್ನು ಹೆಸರಿಸುತ್ತೇನೆ. ಬೆಂಗಳೂರಿನ ಬಾಡಿಗೆ ಮನೆಗಳ ಮುಂದೆ ತೂಗುವ 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಫಲಕ ಒಂದು. ಅದರ ಅರ್ಥ ಅಡುಗೆಮನೆಯ ವಾಸನೆಗಷ್ಟೇ ಸೀಮಿತವಲ್ಲ, ಅದು ಜಾತಿಯನ್ನು ಕೇಳುವ ಸಭ್ಯ ವಿಧಾನ ಎಂಬುದು ಮನೆ ಹುಡುಕಿದ ಪ್ರತಿಯೊಬ್ಬನಿಗೂ ಗೊತ್ತು. ಈ ಫಲಕಕ್ಕೆ ಈಗ ಪರಿಸರದ ಬಣ್ಣ ಹಚ್ಚುವ ಪ್ರಯತ್ನ ನಡೆದಿದೆ. ಎರಡನೆಯದು, ಮಹಾವೀರ ಜಯಂತಿಯಂಥ ದಿನಗಳಲ್ಲಿ ನಗರದ ಆಡಳಿತ ಪ್ರಾಣಿವಧೆಯನ್ನೂ ಮಾಂಸ ಮಾರಾಟವನ್ನೂ ನಿಷೇಧಿಸುವ ವಾಡಿಕೆ. ಇದನ್ನು ಅಹಿಂಸೆಯ ಗೆಲುವೆಂದು ಸಂಭ್ರಮಿಸುವವರು ಒಂದು ಪ್ರಶ್ನೆಗೆ ಉತ್ತರಿಸಬೇಕು: ಅಂಗಡಿಯ ಬಾಗಿಲು ಮುಚ್ಚಿದ್ದರಿಂದ ಯಾರ ಮನಸ್ಸಿನಲ್ಲಿ ವ್ರತ ಹುಟ್ಟಿತು? ಉಳ್ಳವನು ಹಿಂದಿನ ದಿನವೇ ತಂದು ಫ್ರಿಜ್ಜಿನಲ್ಲಿಡುತ್ತಾನೆ. ದಿನಗೂಲಿಯ ಕಸಾಯಿ ಒಂದು ದಿನದ ಸಂಪಾದನೆ ಕಳೆದುಕೊಳ್ಳುತ್ತಾನೆ. ವ್ರತವನ್ನು ಸ್ವತಃ ತೆಗೆದುಕೊಳ್ಳಬೇಕು. ಇನ್ನೊಬ್ಬನ ನಷ್ಟದಲ್ಲಿ ಯಾರೂ ವ್ರತಿಗಳಾಗುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಕ್ರೂರವಾದದ್ದು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲೂ ವಿಜಯಪುರದಲ್ಲೂ ಶಾಲಾ ಮಕ್ಕಳ ಬಿಸಿಯೂಟಕ್ಕೆ ಮೊಟ್ಟೆ ಸೇರಿಸಿದಾಗ ಕೆಲವು ಮಠಾಧೀಶರೂ ಧಾರ್ಮಿಕ ಸಂಘಟನೆಗಳೂ ವಿರೋಧಿಸಿದರು. ಬೇಡವೆಂದ ಮಗುವಿಗೆ ಬಾಳೆಹಣ್ಣಿನ ಆಯ್ಕೆ ಇತ್ತು, ಆದರೂ ವಿರೋಧಿಸಿದರು. 2024ರಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನೊಂದಿಗೆ ಮೊಟ್ಟೆ ವಾರಕ್ಕೆ ಆರು ದಿನ ದೊರೆಯುತ್ತಿದೆ; ಗೊಣಗಾಟ ಮಾತ್ರ ನಿಂತಿಲ್ಲ, ಈಗ ಅದಕ್ಕೆ ಹವಾಮಾನದ ಶಬ್ದಕೋಶ ಸಿಕ್ಕಿದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ; ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 65.5ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಾರೆ. ಇಂಥ ಮಗುವಿನ ಮುಂದಿರುವ ಮೊಟ್ಟೆಯ ಲೆಕ್ಕವನ್ನು ಒಮ್ಮೆ ಮಾಡೋಣ. ಸುಮಾರು 50 ಗ್ರಾಂ ತೂಗುವ ಒಂದು ಮೊಟ್ಟೆಗೆ ಮೇಲಿನ ಸರಾಸರಿಯಂತೆ ಬೀಳುವುದು ಕಾಲು ಕಿಲೋಗೂ ಕಡಿಮೆ ಅನಿಲ. ಒಂದು ಲೀಟರು ಪೆಟ್ರೋಲು ಉರಿದರೆ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಸುಮಾರು 2.3 ಕಿಲೋ, ಅಂದರೆ ಹತ್ತು ಮೊಟ್ಟೆಗಳಷ್ಟು. ಔಟರ್ ರಿಂಗ್ ರಸ್ತೆಯ ದಟ್ಟಣೆಯಲ್ಲಿ ಕಾರಿನೊಳಗೆ ಒಬ್ಬನೇ ಕುಳಿತು ವೈಟ್‌ಫೀಲ್ಡಿಗೆ ಹೋಗುವವನು ಹತ್ತು ಮಕ್ಕಳ ಮೊಟ್ಟೆಯನ್ನು ಸುಡಲು ಹೆಚ್ಚು ಹೊತ್ತು ಬೇಡ. ಅವನಿಗೆ ಯಾದಗಿರಿಯ ಮಗುವಿನ ತಟ್ಟೆಯ ಮೀಥೇನು ಕಾಣುತ್ತದೆ, ತನ್ನ ಹೊಗೆಕೊಳವೆ ಕಾಣುವುದಿಲ್ಲ.

ಶಾಸ್ತ್ರವನ್ನೇ ಆಧಾರವಾಗಿ ಹಿಡಿಯುವವರಿಗೆ ಶಾಸ್ತ್ರದಿಂದಲೇ ಉತ್ತರ ಹೇಳಬೇಕು. ಸಮಂತಭದ್ರರ 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಮಾಂಸತ್ಯಾಗ ಗೃಹಸ್ಥನ ಮೂಲಗುಣಗಳಲ್ಲಿ ಒಂದು. ಅಣುವ್ರತಗಳೂ ಗುಣವ್ರತಗಳೂ ಶಿಕ್ಷಾವ್ರತಗಳೂ ಅಲ್ಲಿ ಕೂಡಿ ಹನ್ನೆರಡು. ಮಾಂಸ ಬಿಟ್ಟ ಮಾತ್ರಕ್ಕೆ ಶ್ರಾವಕಾಚಾರ ಮುಗಿಯುವುದಿಲ್ಲ, ಅಲ್ಲಿಂದ ಅದು ಆರಂಭವಾಗುತ್ತದೆ. ಆ ಹನ್ನೆರಡರಲ್ಲಿ ಭೋಗೋಪಭೋಗ ಪರಿಮಾಣ ಎಂಬುದೊಂದು. ಒಮ್ಮೆ ಅನುಭವಿಸಿ ಮುಗಿಯುವ ಅನ್ನದಂಥದು ಭೋಗ. ಮತ್ತೆ ಮತ್ತೆ ಅನುಭವಿಸುವ ಬಟ್ಟೆಯಂಥದು ಉಪಭೋಗ. ಎರಡಕ್ಕೂ ಗೃಹಸ್ಥ ತಾನೇ ಒಂದು ಮಿತಿ ಹಾಕಿಕೊಳ್ಳಬೇಕು. ಈ ವ್ರತವನ್ನು ಇಂದು ಯಾರಾದರೂ ಪ್ರಾಮಾಣಿಕವಾಗಿ ತೆಗೆದುಕೊಂಡರೆ ಅದು ಪನೀರನ್ನೂ ತುಪ್ಪವನ್ನೂ ಮುಟ್ಟುತ್ತದೆ. ಎರಡನೆಯ ಕಾರನ್ನು, ಮೂರನೆಯ ಫ್ಲ್ಯಾಟನ್ನು, ಹವಾನಿಯಂತ್ರಕವನ್ನು, ವರ್ಷಕ್ಕೆ ಹಲವು ಸಲದ ವಿಮಾನಯಾನವನ್ನೂ ಮುಟ್ಟುತ್ತದೆ. ಇನ್ನೊಂದು ಅನರ್ಥದಂಡವಿರತಿ: ಪ್ರಯೋಜನವಿಲ್ಲದ ಕೇಡಿನಿಂದ ದೂರವಿರುವುದು. ನೆಲವನ್ನು ವೃಥಾ ಅಗೆಯುವುದು, ನೀರು, ಬೆಂಕಿ, ಗಾಳಿಗಳನ್ನು ವೃಥಾ ಬಳಸುವುದು, ಗಿಡಮರಗಳನ್ನು ವೃಥಾ ಕಡಿಯುವುದು ಇವನ್ನೆಲ್ಲ ಸಮಂತಭದ್ರರು ಪ್ರಮಾದಚರ್ಯೆಯೆಂದು ಅದರಡಿಯಲ್ಲಿ ಎಣಿಸುತ್ತಾರೆ. ಹವಾಮಾನದ ಬಗ್ಗೆ ಮಾತಾಡಲು ಶಾಸ್ತ್ರದ ಪುಟ ಬೇಕಿದ್ದರೆ ಈ ಪುಟಕ್ಕಿಂತ ಹತ್ತಿರದ್ದು ಇನ್ನೊಂದಿಲ್ಲ.

ಹಿಂಸೆಯನ್ನು ಕೃತ, ಕಾರಿತ, ಅನುಮೋದಿತ ಎಂದು ಮೂರು ಬಗೆಯಾಗಿ ನೋಡುವ ವಿವೇಕವೂ ಇದೇ ಪರಂಪರೆಯದು. ಹಾಲಿಗಾಗಿ ಹಸು ಕರು ಹಾಕಬೇಕು, ಹಾಕಿದ ಕರುಗಳಲ್ಲಿ ಅರ್ಧದಷ್ಟು ಗಂಡು. ಟ್ರ್ಯಾಕ್ಟರು ಬಂದ ಮೇಲೆ ಉಳುಮೆಗೂ ಬೇಡವಾದ ಆ ಗಂಡುಕರು ಎಲ್ಲಿ ಹೋಯಿತು ಎಂದು ಹಾಲು ಕುಡಿಯುವ ನಾವು ಕೇಳಿಕೊಳ್ಳುವುದಿಲ್ಲ. ನಾವು ಕೊಲ್ಲಲಿಲ್ಲ ಎಂಬುದು ನಿಜ. ಕಾರಿತವೂ ಅನುಮೋದಿತವೂ ನಮ್ಮನ್ನು ಬಿಡುವುದಿಲ್ಲ ಎಂಬುದೂ ಅಷ್ಟೇ ನಿಜ.

ಹಾಗಾದರೆ 'ಕಡಿಮೆ ತಿನ್ನಿ' ಎಂಬ ಉಪದೇಶ ಯಾರ ಸ್ವತ್ತು? ನನ್ನ ಉತ್ತರ ಕೆಲವರಿಗೆ ವಿಚಿತ್ರವೆನಿಸಬಹುದು. ಅದು ಮಾಂಸ ತಿನ್ನುವ ಸಮುದಾಯಗಳ ಸ್ವತ್ತು. ತಿನ್ನದವನಿಗೆ ಕಡಿಮೆ ಮಾಡುವ ಅನುಭವವೇ ಇಲ್ಲ. ಇಂದು ಐಟಿ ಪಟ್ಟಿಯೊಳಗೆ ಕರಗಿಹೋಗಿರುವ ಹಳ್ಳಿಗಳ ಹೆಸರು ತೆಗೆದುಕೊಳ್ಳಿ: ವರ್ತೂರು, ಕಾಡುಗೋಡಿ, ಹೂಡಿ, ದೊಡ್ಡತೋಗೂರು, ಕೋನಪ್ಪನ ಅಗ್ರಹಾರ. ಇದು ರಾಗಿಯ ಸೀಮೆ. ಮುದ್ದೆಗೆ ಬಸ್ಸಾರು, ಮಸ್ಸೊಪ್ಪು, ಉಪ್ಸಾರು. ಕಾಲಕ್ಕೆ ಅವರೆಕಾಳು, ಹುರುಳಿ, ಅಲಸಂದೆ. ಬಾಡೂಟ ಇದ್ದುದು ಯುಗಾದಿಯ ಮರುದಿನದ ಹೊಸತೊಡಕಿಗೆ, ಮಾರಮ್ಮನ ಜಾತ್ರೆಗೆ, ಪಿತೃಪಕ್ಷಕ್ಕೆ, ನೆಂಟರು ಬಂದಾಗ. ಸೋಮವಾರ ತಿನ್ನದ ಮನೆಗಳು, ಶನಿವಾರ ತಿನ್ನದ ಮನೆಗಳು, ಶ್ರಾವಣವಿಡೀ ತಿನ್ನದ ಮನೆಗಳು ಊರ ತುಂಬ ಇದ್ದವು, ಈಗಲೂ ಇವೆ. ಅಮೆರಿಕದಲ್ಲಿ 'ಮಾಂಸವಿಲ್ಲದ ಸೋಮವಾರ'ದ ಈಗಿನ ಆಂದೋಲನ ಆರಂಭವಾದುದು 2003ರಲ್ಲಿ. ನಮ್ಮ ಕಚೇರಿಗಳು ಅದನ್ನು ಹೊಸ ವಿಚಾರವೆಂದು ಆಮದು ಮಾಡಿಕೊಂಡು ಭಿತ್ತಿಪತ್ರ ಅಂಟಿಸುತ್ತವೆ. ಅದೇ ಕಚೇರಿಯ ನೆಲ ಒರೆಸುವ ಹೆಂಗಸಿನ ಮನೆಯಲ್ಲಿ ಆ ಸೋಮವಾರ ತಲೆಮಾರುಗಳಿಂದ ನಡೆದುಬಂದಿರಬಹುದು ಎಂದು ಯಾರಿಗೂ ಹೊಳೆಯುವುದಿಲ್ಲ.

ರಾಗಿಯ ಮಾತು ಬಂದುದರಿಂದ ಕನಕದಾಸರ 'ರಾಮಧಾನ್ಯಚರಿತೆ'ಯನ್ನು ನೆನೆಯದೆ ಮುಂದೆ ಹೋಗಲಾಗದು. ಅಲ್ಲಿ ನರೆದಲೆಗನೆಂಬ ರಾಗಿಗೂ ವ್ರೀಹಿಯೆಂಬ ಭತ್ತಕ್ಕೂ ವ್ಯಾಜ್ಯ. ಆರು ತಿಂಗಳ ಸೆರೆಯ ನಂತರ ಕೆಡದೆ ಉಳಿದ ರಾಗಿಗೆ ರಾಮನ ಮನ್ನಣೆ. ನೀರು ನಿಂತ ಗದ್ದೆಯ ಕೆಸರಿನಲ್ಲಿ ಗಾಳಿಯಾಡದೆ ಮೀಥೇನ್ ಹುಟ್ಟುತ್ತದೆ, ಖುಷ್ಕಿಯ ರಾಗಿಹೊಲದಲ್ಲಿ ಹಾಗಾಗುವುದಿಲ್ಲ ಎಂಬುದು ಆ ವ್ಯಾಜ್ಯಕ್ಕೆ ಈ ಕಾಲ ಸೇರಿಸಿದ ಹೊಸ ಸಾಕ್ಷ್ಯ. ಮುದ್ದೆಯೊಂದಿಗೆ ಹಬ್ಬಕ್ಕೊಮ್ಮೆ ನಾಟಿಕೋಳಿ ಸಾರು ಉಣ್ಣುವವನಿಗೂ ದಿನವೂ ಬೆಣ್ಣೆ ಪನೀರಿನೊಂದಿಗೆ ಬಾಸ್ಮತಿ ಅನ್ನ ಉಣ್ಣುವವನಿಗೂ ಲೆಕ್ಕ ಹಾಕಿದರೆ ಯಾರು ಯಾರಿಗೆ ಉಪದೇಶಿಸಬೇಕು?

ಇಷ್ಟು ಹೇಳಿದ ಮೇಲೆ ಎದುರು ಪಕ್ಷಕ್ಕೂ ಒಂದು ಮಾತು ಬಾಕಿ ಇದೆ. ಆಹಾರ ನಮ್ಮ ಹಕ್ಕು, ಹವಾಮಾನದ ಮಾತೆಲ್ಲ ಮೇಲ್ಜಾತಿಯ ಹೊಸ ಹುನ್ನಾರ ಎಂದು ತಳ್ಳಿಹಾಕುವ ಗೆಳೆಯರಿದ್ದಾರೆ. ಆಹಾರ ಹಕ್ಕು ಎಂಬುದನ್ನು ಒಪ್ಪುತ್ತೇನೆ. ಯಾರ ತಟ್ಟೆಗೂ ಪೊಲೀಸನನ್ನು ಕಳಿಸಬಾರದು. ಆದರೆ ಹಕ್ಕಿರುವುದರಿಂದ ಲೆಕ್ಕ ಅಳಿಸಿಹೋಗುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಯಮಲೂರುಗಳು ಮುಳುಗಿ ತಂತ್ರಜ್ಞರು ಟ್ರ್ಯಾಕ್ಟರಿನಲ್ಲಿ ಕಚೇರಿಗೆ ಹೋದರು. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. 2024ರ ಬೇಸಿಗೆಯಲ್ಲಿ ಇದೇ ಪಟ್ಟಿ ಟ್ಯಾಂಕರ್ ನೀರಿಗೆ ಕಾದು ಕುಳಿತಿತು. ಇವೆಲ್ಲಕ್ಕೂ ಹವಾಮಾನವೊಂದೇ ಕಾರಣವಲ್ಲ. ಕೆರೆ, ರಾಜಕಾಲುವೆಗಳ ಒತ್ತುವರಿಯ ಪಾಲು ದೊಡ್ಡದು. ಆದರೆ ಕಾದ ಭೂಮಿ ಬರವನ್ನೂ ನೆರೆಯನ್ನೂ ಹರಿತಗೊಳಿಸುತ್ತದೆ. ಅದರ ಏಟು ಮೊದಲು ಬೀಳುವುದು ಖುಷ್ಕಿ ರೈತನಿಗೆ, ಪೀಣ್ಯದ ತಗಡು ಮಾಡಿನ ಶೆಡ್ಡಿನಲ್ಲಿ ಪಾಳಿ ದುಡಿಯುವವನಿಗೆ. ಅವರ ಪರ ನಿಲ್ಲುವವರು ಹವಾಮಾನದ ಲೆಕ್ಕವನ್ನು ಪರರ ಲೆಕ್ಕವೆಂದು ಬಿಟ್ಟುಕೊಡಬಾರದು.

ಹಳೆಯ ಮಿತಿ ಮುರಿದಿರುವುದೂ ಸುಳ್ಳಲ್ಲ. ನಲವತ್ತು ದಿನಗಳ ಆಸುಪಾಸಿನಲ್ಲಿ ತೂಕಕ್ಕೆ ಬರುವ ಬ್ರಾಯ್ಲರ್ ಕೋಳಿ, ಮೆಕ್ಕೆಜೋಳ ಸೋಯಾಗಳ ಮೇವು, ಬೆರಳೊತ್ತಿದರೆ ಬಾಗಿಲಿಗೆ ಬರುವ ಊಟ ಇವು ಸೇರಿ ಹಬ್ಬದೂಟವನ್ನು ದಿನದೂಟವಾಗಿಸಿವೆ. ಭಾನುವಾರ ನಸುಕಿಗೇ ವೈಟ್‌ಫೀಲ್ಡಿನಿಂದ ಕಾರು ಹತ್ತಿ ಹೊಸಕೋಟೆಯ ಬಿರಿಯಾನಿಗೆ ಸಾಲು ನಿಲ್ಲುವುದರಲ್ಲಿ ಸಂತೋಷವಿದೆ, ಇಲ್ಲವೆನ್ನುವುದಿಲ್ಲ. ಅದು ಹಬ್ಬವಾಗಿಯೇ ಉಳಿಯಲಿ. ವಾರದ ಉಳಿದ ಆರು ದಿನವೂ ಮಧ್ಯಾಹ್ನ ಕಚೇರಿಯ ಬಫೆ, ರಾತ್ರಿ ಆ್ಯಪಿನ ಪೊಟ್ಟಣ ಎಂದಾದಾಗ ಅದು ಹಬ್ಬವೂ ಅಲ್ಲ, ಹಸಿವೂ ಅಲ್ಲ. ಬಫೆಯಲ್ಲಿ ಉಳಿದದ್ದೆಲ್ಲ ಕೊಳೆತು ಮತ್ತೆ ಮೀಥೇನಾಗುತ್ತದೆ. ಆಹಾರದ ನಷ್ಟ ಮತ್ತು ಪೋಲಿನಿಂದ ಹೊರಬೀಳುವ ಅನಿಲ ಜಗತ್ತಿನ ಒಟ್ಟು ಹೊರಸೂಸುವಿಕೆಯಲ್ಲಿ ಶೇಕಡಾ 8ರಿಂದ 10ರಷ್ಟು ಎಂದು ಅಂತರಸರಕಾರಿ ಹವಾಮಾನ ಸಮಿತಿಯ 2019ರ ವರದಿ ಹೇಳುತ್ತದೆ. ವೈಟ್‌ಫೀಲ್ಡಿನ ಆಚೆ ಮಂಡೂರಿನ ಜನ ನಗರದ ಕಸದ ಬೆಟ್ಟವನ್ನು ವರ್ಷಗಟ್ಟಲೆ ಹೊತ್ತು, 2014ರಲ್ಲಿ ಬೀದಿಗಿಳಿದು ನಿಲ್ಲಿಸಬೇಕಾಯಿತು. ಪೋಲಾದ ಅನ್ನಕ್ಕೆ ಸಸ್ಯಾಹಾರ, ಮಾಂಸಾಹಾರ ಎಂಬ ಭೇದವಿಲ್ಲ.

ಆದ್ದರಿಂದ ಪರಿಮಾಣ ಎಲ್ಲಿ ಹೆಚ್ಚಿದೆಯೋ ಅಲ್ಲಿಂದ ಆರಂಭವಾಗಬೇಕು. ಕಂಪನಿಗಳ ಕ್ಯಾಂಟೀನುಗಳು ಈ ನೆಲದ ಕಾಳು, ಸೊಪ್ಪು, ರಾಗಿಗಳನ್ನು ಮೂಲೆಯಿಂದ ಮುಂದಕ್ಕೆ ತರಲಿ; ಕುರಿಮಾಂಸವನ್ನು ಎಷ್ಟು ದಿನ ಇಡಬೇಕೆಂಬುದನ್ನು ತಿನ್ನುವವರೇ ಕೂತು ನಿರ್ಧರಿಸಲಿ; ಪನೀರು ಎಷ್ಟು ದಿನ ಎಂಬುದನ್ನು ಸಸ್ಯಾಹಾರಿಗಳು ನಿರ್ಧರಿಸಲಿ; ದಿನದ ಕೊನೆಗೆ ಎಸೆದ ಅನ್ನದ ತೂಕವನ್ನು ಗೋಡೆಯ ಮೇಲೆ ಬರೆಯಲಿ. ಬಡ ಮಗುವಿನ ಮೊಟ್ಟೆ, ದುಡಿಯುವವನ ಹಬ್ಬದ ಬಾಡು ಈ ಚರ್ಚೆಯ ಹೊರಗಿರಲಿ. ಕೊರತೆ ಇರುವಲ್ಲಿ ಮಿತಿಯನ್ನು ಬೋಧಿಸುವುದು ವ್ರತವಲ್ಲ, ದಂಡನೆ.

ಇದಕ್ಕೆ ನಮ್ಮಲ್ಲಿ ಬಹಳ ಹಳೆಯ ಮಾದರಿ ಇದೆ. ಅಶೋಕನ ಮೊದಲನೆಯ ಶಿಲಾಶಾಸನದ ಪ್ರತಿಯೊಂದು ನಮ್ಮ ಗಡಿಗೆ ಹತ್ತಿರದ, ಕರ್ನೂಲು ಸೀಮೆಯ ಎರ್ರಗುಡಿಯಲ್ಲಿದೆ. ಬಲಿಯನ್ನು ನಿಷೇಧಿಸಿದ ಆ ಚಕ್ರವರ್ತಿ ಅದರಲ್ಲಿ ಲೆಕ್ಕ ಒಪ್ಪಿಸುವುದು ತನ್ನ ಅಡುಗೆಮನೆಯದು: ಅಲ್ಲಿ ಹಿಂದೆ ದಿನವೂ ಕೊಲ್ಲುತ್ತಿದ್ದ ಪ್ರಾಣಿಗಳು ಲಕ್ಷಗಟ್ಟಲೆ, ಈಗ ಮೂರು, ಮುಂದೆ ಅವೂ ಇಲ್ಲ ಎನ್ನುತ್ತಾನೆ. ಅವನ ಹನ್ನೆರಡನೆಯ ಶಾಸನ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲೇ ದೊರೆತಿದೆ. ತನ್ನ ಪಂಥವನ್ನು ಹೊಗಳಿ ಪರರ ಪಂಥವನ್ನು ತೆಗಳುವವನು ತನ್ನ ಪಂಥಕ್ಕೇ ಹೆಚ್ಚು ಹಾನಿ ಮಾಡುತ್ತಾನೆ ಎಂಬುದು ಅದರ ತಾತ್ಪರ್ಯ. ಹವಾಮಾನದ ಹೆಸರಿನಲ್ಲಿ ಕಡಿಮೆ ತಿನ್ನಿರೆಂದು ಹೇಳಹೊರಟವರು ಈ ಎರಡನ್ನೂ ಒಟ್ಟಿಗೆ ಓದಲಿ. ಆಮೇಲೆ ತಮ್ಮ ತಮ್ಮ ಅಡುಗೆಮನೆಯ ಲೆಕ್ಕವನ್ನು ಮೊದಲು ಹೇಳಲಿ.